ಎದೆಯೊಳಗಿನ ಧೂಳು, ಕಾನೂನಿನ ಎರಡು ವರ್ಷ

ಆಸ್‌ಬೆಸ್ಟಾಸ್ ಎಂಬ ಖನಿಜಕ್ಕೆ ಕನ್ನಡದಲ್ಲಿ ಕಲ್ನಾರು ಎಂಬ ಹೆಸರಿದೆ. ಕಲ್ಲಿನಿಂದ ಬಿಡಿಸಿ ತೆಗೆದ ನಾರು ಎಂಬ ಅರ್ಥದ ಈ ಪದ ಆ ವಸ್ತುವಿನ ಗುಣವನ್ನೂ ಅದರ ಅಪಾಯವನ್ನೂ ಒಟ್ಟಿಗೇ ಹೇಳುತ್ತದೆ. ಏಕೆಂದರೆ ಬೆಂಕಿಯಲ್ಲಿ ಉರಿಯದ, ನೀರಿನಲ್ಲಿ ಕೊಳೆಯದ, ಹತ್ತಿಯಂತೆ ನೂತು ಹಗ್ಗ ಹೊಸೆಯಬಹುದಾದ ಈ ಎಳೆ ಯಾವ ಬಾಳಿಕೆಯ ಕಾರಣಕ್ಕೆ ಉದ್ಯಮಗಳಿಗೆ ಬೇಕಾಯಿತೋ ಅದೇ ಬಾಳಿಕೆಯ ಕಾರಣಕ್ಕೆ ಉಸಿರಿನೊಂದಿಗೆ ಒಳಹೊಕ್ಕ ಮೇಲೆ ದೇಹಕ್ಕೆ ಅರಗದೆ, ಹೊರಗೂ ಹೋಗದೆ ಶ್ವಾಸಕೋಶದಲ್ಲಿ ಉಳಿದುಬಿಡುತ್ತದೆ. ಹೀಗೆ ಉಳಿದ ಎಳೆಗಳ ಸುತ್ತ ಶ್ವಾಸಕೋಶದ ಮೆತ್ತನೆಯ ಅಂಗಾಂಶ ಗಾಯದ ಕಲೆಯಂತೆ ಗಟ್ಟಿಯಾಗುತ್ತ ಹೋಗುವ ರೋಗವನ್ನು ಆಸ್‌ಬೆಸ್ಟೋಸಿಸ್ ಎಂದೂ, ಶ್ವಾಸಕೋಶವನ್ನು ಅಥವಾ ಹೊಟ್ಟೆಯ ಒಳಭಾಗವನ್ನು ಹೊದೆದಿರುವ ತೆಳುಪೊರೆಯಲ್ಲಿ ಹುಟ್ಟುವ ಕ್ಯಾನ್ಸರನ್ನು ಮೀಸೋಥೆಲಿಯೋಮಾ ಎಂದೂ ವೈದ್ಯರು ಕರೆಯುತ್ತಾರೆ. ಮೊದಲನೆಯದು ಸಾಮಾನ್ಯವಾಗಿ ಎಳೆಗಳು ಒಳಹೊಕ್ಕ ಹತ್ತಿಪ್ಪತ್ತು ವರ್ಷಗಳ ನಂತರ, ಎರಡನೆಯದು ಹೆಚ್ಚಾಗಿ ಮೂವತ್ತು ನಲವತ್ತು ವರ್ಷಗಳ ನಂತರ ಕಾಣಿಸಿಕೊಳ್ಳುತ್ತದೆ. ಈ ಉಪನ್ಯಾಸದ ವಿಷಯ ಹುಟ್ಟುವುದು ಈ ಅಂತರದಲ್ಲಿಯೇ: ಕಾಯಿಲೆ ಹೊರಬೀಳುವ ಹೊತ್ತಿಗೆ ಕೆಲಸ ಬಿಟ್ಟು ದಶಕಗಳಾಗಿರುವ ಮನುಷ್ಯನಿಗೆ ಕಾನೂನು ಏನು ಕೊಡುತ್ತದೆ, ಎಷ್ಟು ಕೊಡುತ್ತದೆ ಮತ್ತು ಯಾವ ಪುರಾವೆಯ ಮೇಲೆ ಕೊಡುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

ಉತ್ತರ ಕರ್ನಾಟಕದ ಗೋಕಾಕ, ಮೂಡಲಗಿ, ಹುಕ್ಕೇರಿ ಎಂದೊಡನೆ ಯಾರಿಗೂ ಕಲ್ನಾರು ನೆನಪಾಗುವುದಿಲ್ಲ. ಗೋಕಾಕ ಎಂದರೆ ಘಟಪ್ರಭೆ ಧುಮುಕುವ ಜಲಪಾತ ಮತ್ತು ಅದರ ನೆತ್ತಿಯ ಮೇಲಿನ ನೂಲಿನ ಗಿರಣಿ. ಗೋಕಾಕದಿಂದ ಬೇರ್ಪಟ್ಟು ತಾಲೂಕಾದ ಮೂಡಲಗಿ ಎಂದರೆ ಕಬ್ಬಿನ ಸೀಮೆ. ಹುಕ್ಕೇರಿ ಎಂದರೆ ಹಿಡಕಲ್ ಜಲಾಶಯ, ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ. ಆದರೂ ಕಲ್ನಾರಿನ ರೋಗಿಗಳ ಪರಿಹಾರದ ಪ್ರಶ್ನೆಯನ್ನು ಈ ಮೂರು ತಾಲೂಕುಗಳಲ್ಲಿ ನಿಂತು ಕೇಳುವುದಕ್ಕೆ ಗಟ್ಟಿಯಾದ ಕಾರಣವಿದೆ. ಭಾರತದ ಪರಿಹಾರ ಕಾಯ್ದೆಯ ಮೂರನೆಯ ಅನುಸೂಚಿಯ ಸಿ ಭಾಗದಲ್ಲಿ ಕಲ್ಲಿನ ಧೂಳಿನ ರೋಗಗಳಾದ ಸಿಲಿಕೋಸಿಸ್ ಮತ್ತು ಆಸ್‌ಬೆಸ್ಟೋಸಿಸ್ ಮೊದಲ ಸಾಲಿನಲ್ಲಿದ್ದರೆ, ಅದರ ಕೆಳಗಿನ ಸಾಲಿನಲ್ಲಿ ಕಬ್ಬಿನ ಸಿಪ್ಪೆಯ ಧೂಳಿನಿಂದ ಬರುವ ಬಗಾಸೋಸಿಸ್, ಅದರ ಕೆಳಗೆ ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಇವೆ. ಅಂದರೆ ಕಾನೂನಿನ ಪುಟದಲ್ಲಿ ಗೋಕಾಕದ ಹತ್ತಿಯೂ ಮೂಡಲಗಿ, ಹುಕ್ಕೇರಿಗಳ ಕಬ್ಬೂ ಕಲ್ನಾರಿನ ನೆರೆಮನೆಯವು. ಒಂದಕ್ಕೆ ಅನ್ವಯಿಸುವ ನಿಯಮವೇ ಮಿಕ್ಕವಕ್ಕೂ ಅನ್ವಯಿಸುತ್ತದೆ, ಒಂದರ ಕೊರತೆಯೇ ಮಿಕ್ಕವುಗಳ ಕೊರತೆಯೂ ಆಗುತ್ತದೆ.

ಕಾರ್ಮಿಕರ ಪರಿಹಾರ ಕಾಯ್ದೆ 1923ರಲ್ಲಿ ರಚನೆಯಾಗಿ 1924ರ ಜುಲೈ 1ರಂದು ಜಾರಿಗೆ ಬಂದಿತು. ಅದಕ್ಕೂ ಮೊದಲು ಗಿರಣಿಯಲ್ಲಿ ಕೈ ಕಳೆದುಕೊಂಡವನು ಪರಿಹಾರ ಕೇಳಬೇಕಾದರೆ ಮಾಲೀಕನ ತಪ್ಪನ್ನು ಸಿವಿಲ್ ನ್ಯಾಯಾಲಯದಲ್ಲಿ ಸಾಧಿಸಬೇಕಾಗಿತ್ತು. ಈ ಕಾಯ್ದೆ ತಪ್ಪಿನ ವಿಚಾರಣೆಯನ್ನು ಬದಿಗಿಟ್ಟು, ಕೆಲಸದ ಕಾರಣದಿಂದ ಮತ್ತು ಕೆಲಸದ ಅವಧಿಯಲ್ಲಿ ಅಪಘಾತ ಸಂಭವಿಸಿದ್ದರೆ ಸಾಕು, ಪರಿಹಾರ ಕೊಡುವುದು ಮಾಲೀಕನ ಹೊಣೆ ಎಂದು ಹೇಳಿತು. 2009ರ ತಿದ್ದುಪಡಿಯಿಂದ ಇದರ ಹೆಸರು ಉದ್ಯೋಗಿಗಳ ಪರಿಹಾರ ಕಾಯ್ದೆ ಎಂದಾಯಿತು; 2025ರ ನವೆಂಬರಿನಲ್ಲಿ ಇದರ ಜಾಗಕ್ಕೆ ಹೊಸ ಸಂಹಿತೆ ಬಂದಿದ್ದರೂ ಹಳೆಯ ಹಕ್ಕುಗಳಿಗೆ ಇದೇ ಆಧಾರ. ಕಾಯ್ದೆಯ ಅಡಿಗಲ್ಲು ಅಪಘಾತ ಎಂಬ ಕಲ್ಪನೆ. ಅದಕ್ಕೊಂದು ದಿನ, ಒಂದು ಗಳಿಗೆ, ಒಂದು ಸ್ಥಳ ಇರುತ್ತದೆ, ನೋಡಿದವರು ಇರುತ್ತಾರೆ. ರೋಗಕ್ಕೆ ಇವು ಯಾವುವೂ ಇಲ್ಲ. ಆದ್ದರಿಂದ ಕಾಯ್ದೆ ಮಾಡಿದವರು ಒಂದು ಭಾವನಾಕಲ್ಪನೆಯನ್ನು ಹೂಡಿದರು: ನಿರ್ದಿಷ್ಟ ಉದ್ಯೋಗಗಳಿಗೇ ವಿಶಿಷ್ಟವಾದ ರೋಗಗಳನ್ನು ಅನುಸೂಚಿಯೊಂದರಲ್ಲಿ ಪಟ್ಟಿ ಮಾಡಿ, ಆ ಉದ್ಯೋಗದಲ್ಲಿದ್ದವನಿಗೆ ಆ ರೋಗ ತಗುಲಿದರೆ ಅದನ್ನು ಅಪಘಾತದಿಂದ ಆದ ಗಾಯವೆಂದೇ ಭಾವಿಸತಕ್ಕದ್ದು, ತದ್ವಿರುದ್ಧವಾಗಿ ಸಾಧಿಸದ ಹೊರತು ಅದು ಕೆಲಸದಿಂದಲೇ ಬಂದದ್ದೆಂದು ತಿಳಿಯತಕ್ಕದ್ದು ಎಂದು ಕಲಂ 3ರಲ್ಲಿ ಬರೆದರು. ಈ ಪೂರ್ವಭಾವನೆ ಕಾರ್ಮಿಕನ ಕೈಯಲ್ಲಿರುವ ಬಹು ದೊಡ್ಡ ಬಲ. ರೋಗ ಪಟ್ಟಿಯಲ್ಲಿದೆ, ತಾನು ಆ ಕೆಲಸದಲ್ಲಿ ನಿಗದಿತ ಕಾಲ ಇದ್ದೆ ಎಂಬುದನ್ನು ಆತ ತೋರಿಸಿದರೆ ಉಳಿದದ್ದನ್ನು ಅಲ್ಲಗಳೆಯುವ ಭಾರ ಎದುರು ಪಕ್ಷದ ಮೇಲೆ ಬೀಳುತ್ತದೆ.

ಅನುಸೂಚಿಗೆ ಮೂರು ಭಾಗಗಳು. ಎ ಭಾಗದ ರೋಗಗಳಿಗೆ ಸೇವಾವಧಿಯ ಕಟ್ಟಳೆಯಿಲ್ಲ. ಬಿ ಭಾಗದ ರೋಗಗಳಿಗೆ ಒಬ್ಬನೇ ಮಾಲೀಕನ ಬಳಿ ಕನಿಷ್ಠ ಆರು ತಿಂಗಳ ಸತತ ಸೇವೆ ಬೇಕು. ಕಲ್ನಾರಿನಿಂದ ಬರುವ ಶ್ವಾಸಕೋಶದ ಕ್ಯಾನ್ಸರ್ ಮತ್ತು ಮೀಸೋಥೆಲಿಯೋಮಾ ಇರುವುದು ಈ ಭಾಗದಲ್ಲಿ. ಸಿ ಭಾಗದ ರೋಗಗಳಿಗೆ ಎಷ್ಟು ಕಾಲದ ಸೇವೆ ಬೇಕೆಂಬುದನ್ನು ಕೇಂದ್ರ ಸರ್ಕಾರ ನಿಗದಿಪಡಿಸುತ್ತದೆ, ಮತ್ತು ಆ ಕಾಲವನ್ನು ಒಬ್ಬರಿಗಿಂತ ಹೆಚ್ಚು ಮಾಲೀಕರ ಬಳಿ ಕಳೆದಿದ್ದರೂ ನಡೆಯುತ್ತದೆ. ನಿಗದಿತ ಕಾಲಕ್ಕಿಂತ ಕಡಿಮೆ ದುಡಿದವನೂ ರೋಗ ಕೆಲಸದಿಂದಲೇ ಬಂತೆಂದು ತಾನೇ ಸಾಧಿಸಿದರೆ ಸಿ ಭಾಗದಲ್ಲಿ ಹಕ್ಕುದಾರನಾಗುತ್ತಾನೆ. ಆಗ ಪೂರ್ವಭಾವನೆಯ ಆಸರೆ ಮಾತ್ರ ಆತನಿಗೆ ಸಿಗುವುದಿಲ್ಲ.

ಹತ್ತಿಯ ಧೂಳಿನ ಕಡೆಗೆ ಬಂದರೆ, ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ 1885ರಲ್ಲಿ ಸ್ಥಾಪನೆಯಾಗಿ, ಜಲಪಾತದ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿಯನ್ನು ಗೋಕಾಕ ಫಾಲ್ಸ್‌ನಲ್ಲಿ 1887ರಲ್ಲಿ ಆರಂಭಿಸಿತು. ತಲೆಮಾರುಗಳ ಕಾಲ ಸುತ್ತಲ ಹಳ್ಳಿಗಳ ಮನೆಗಳಲ್ಲಿ ಗಿರಣಿಗೆ ಹೋಗುವುದು ಎಂಬ ಮಾತಿಗೆ ಒಂದೇ ಅರ್ಥವಿತ್ತು. ನೂಲಿನ ಗಿರಣಿ ಎಲ್ಲಿಯದೇ ಆಗಿರಲಿ, ಅದರ ಒಳಗಿನ ಧೂಳು ಎಲ್ಲ ಖಾತೆಗಳಲ್ಲಿಯೂ ಒಂದೇ ಸಮನಾಗಿರುವುದಿಲ್ಲ ಎಂಬುದನ್ನು ಪರಿಹಾರದ ದೃಷ್ಟಿಯಿಂದ ಗಮನಿಸಬೇಕು. ಒತ್ತಿ ಕಟ್ಟಿದ ಅರಳೆಯ ಬೇಲುಗಳನ್ನು ಬಿಚ್ಚಿ, ಬಡಿದು, ಕಸ ತೆಗೆಯುವ ಬ್ಲೋ ರೂಮಿನಲ್ಲಿಯೂ, ಅರಳೆಯನ್ನು ಮುಳ್ಳಿನ ಉರುಳೆಗಳ ಮೇಲೆ ಬಾಚಿ ಎಳೆ ಬಿಡಿಸುವ ಕಾರ್ಡಿಂಗ್ ಖಾತೆಯಲ್ಲಿಯೂ ಧೂಳು ಅತಿ ಹೆಚ್ಚು. ನೂಲು ತೆಗೆಯುವ ರಿಂಗ್ ಫ್ರೇಮಿನಲ್ಲಿ ಕಡಿಮೆ, ನೂಲು ಸುತ್ತುವ ವೈಂಡಿಂಗಿಗೆ ಬರುವ ಹೊತ್ತಿಗೆ ಇನ್ನೂ ಕಡಿಮೆ. ಈ ಧೂಳು ಬರಿಯ ಹತ್ತಿಯ ನವಿರಲ್ಲ. ಅದರಲ್ಲಿ ಒಣ ಎಲೆ, ಕಾಯಿಯ ಸಿಪ್ಪೆ, ಮಣ್ಣು ಮತ್ತು ಹತ್ತಿಗಿಡದ ಮೇಲೆ ಬೆಳೆಯುವ ಬ್ಯಾಕ್ಟೀರಿಯಾಗಳ ಕವಚದಿಂದ ಬರುವ ವಿಷವಸ್ತು ಸೇರಿರುತ್ತವೆ.

ಬಿಸಿನೋಸಿಸ್ ರೋಗದ ಗುರುತು ವಿಚಿತ್ರವಾದುದು. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ, ಪಾಳಿ ಆರಂಭವಾಗಿ ಕೆಲವು ಗಂಟೆಗಳ ನಂತರ ಎದೆ ಬಿಗಿಯಲಾರಂಭಿಸುತ್ತದೆ, ಉಸಿರು ಸಾಲದಂತಾಗುತ್ತದೆ. ಎರಡನೆಯ ದಿನ ಆ ಬಿಗಿತ ಸಡಿಲುತ್ತದೆ, ವಾರದ ಕೊನೆಗೆ ಇಲ್ಲವಾಗುತ್ತದೆ. ಲ್ಯಾಂಕಷೈರಿನ ಗಿರಣಿ ಕಾರ್ಮಿಕರನ್ನು 1950ರ ದಶಕದಲ್ಲಿ ಅಧ್ಯಯನ ಮಾಡಿದ ರಿಚರ್ಡ್ ಶಿಲ್ಲಿಂಗ್ ಈ ಲಕ್ಷಣವನ್ನೇ ಆಧಾರವಾಗಿಟ್ಟುಕೊಂಡು ರೋಗದ ಮೆಟ್ಟಿಲುಗಳನ್ನು ಗುರುತಿಸಿದನು: ಮೊದಲ ದಿನ ಒಮ್ಮೊಮ್ಮೆ ಬಿಗಿತ, ಅನಂತರ ಪ್ರತಿ ವಾರದ ಮೊದಲ ದಿನ ಬಿಗಿತ, ಅನಂತರ ವಾರದ ಬೇರೆ ದಿನಗಳಿಗೂ ಹಬ್ಬಿದ ಬಿಗಿತ, ಕೊನೆಗೆ ರಜೆಯಲ್ಲಿಯೂ ಹಿಂದಿರುಗದ, ಶಾಶ್ವತವಾಗಿ ಕುಗ್ಗಿದ ಉಸಿರು. ಊದುಗೊಳವೆಯ ಯಂತ್ರವಾದ ಸ್ಪೈರೋಮೀಟರಿನಲ್ಲಿ ಇದನ್ನು ಅಳೆಯಬಹುದು. ಕಾರ್ಮಿಕನು ಎದೆತುಂಬ ಉಸಿರು ತುಂಬಿಕೊಂಡು ಒಮ್ಮೆಲೇ ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಿತ್ತು ಎಂಬುದನ್ನು ಪಾಳಿಯ ಆರಂಭದಲ್ಲಿ ಒಮ್ಮೆ, ಪಾಳಿ ಬಿಟ್ಟಾಗ ಒಮ್ಮೆ ಅಳೆದು, ಎರಡು ಅಂಕೆಗಳ ನಡುವಿನ ಇಳಿತವನ್ನು ಬರೆದಿಡುವುದು ಅದರ ಕ್ರಮ. ಇದು ಹತ್ತು ನಿಮಿಷದ ಕೆಲಸ, ಆದರೆ ರೋಗಿಯು ದುಡಿಮೆಯಲ್ಲಿರುವಾಗ ಮಾತ್ರ ಆಗುವ ಕೆಲಸ. ಗಿರಣಿ ಬಿಟ್ಟು ಹದಿನೈದು ವರ್ಷವಾದ ಮೇಲೆ ಆತನ ಎದೆಯ ಚಿತ್ರ ತೆಗೆದರೆ ಅದರಲ್ಲಿ ಬಿಸಿನೋಸಿಸ್ಸಿನದೇ ಎನ್ನಬಹುದಾದ ಕಲೆ ಯಾವುದೂ ಕಾಣುವುದಿಲ್ಲ. ಬೀಡಿ ಸೇದಿದವನ ದಮ್ಮಿಗೂ ಹತ್ತಿಯ ಧೂಳು ಕುಡಿದವನ ದಮ್ಮಿಗೂ ಆಗ ಹೊರನೋಟದ ವ್ಯತ್ಯಾಸ ಉಳಿದಿರುವುದಿಲ್ಲ. ಕಲ್ನಾರಿನ ರೋಗಿಗೆ ಈ ಒಂದು ವಿಷಯದಲ್ಲಿ ಅನುಕೂಲ ಹೆಚ್ಚು, ಏಕೆಂದರೆ ಶ್ವಾಸಕೋಶದ ಕೆಳಭಾಗದ ಗಟ್ಟಿತನವೂ ಪೊರೆಯ ಮೇಲಿನ ದಪ್ಪ ತೇಪೆಗಳೂ ಎಕ್ಸ್‌ರೇ ಮತ್ತು ಸಿ.ಟಿ. ಚಿತ್ರಗಳಲ್ಲಿ ಸಾಕ್ಷಿಯಾಗಿ ಉಳಿದಿರುತ್ತವೆ. ಹತ್ತಿಯ ರೋಗಿಗೆ ಉಳಿಯುವ ಸಾಕ್ಷಿ ಕಾಗದ ಒಂದೇ: ಯಾವ ಖಾತೆಯಲ್ಲಿ ಎಷ್ಟು ವರ್ಷ ದುಡಿದ, ಆಗ ಆತನ ಉಸಿರು ಎಷ್ಟಿತ್ತು ಎಂಬ ದಾಖಲೆ.

ಕಬ್ಬಿನ ಸಿಪ್ಪೆಯ ಮಾತು ಬೇರೆ. ರಸ ಹಿಂಡಿದ ಹಸಿ ಸಿಪ್ಪೆಯಿಂದ ಅಪಾಯ ಅಷ್ಟಾಗಿಲ್ಲ. ಬಾಯ್ಲರಿಗೆ ಹೋಗದೆ ಮಿಕ್ಕಿದ್ದನ್ನು ಬಯಲಿನಲ್ಲಿ ಗುಡ್ಡೆಯೊಟ್ಟಿದಾಗ ಅದರಲ್ಲಿ ಉಳಿದ ಸಕ್ಕರೆ ಮತ್ತು ತೇವದಿಂದ ಒಡಲು ಬಿಸಿಯಾಗಿ, ಶಾಖದಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಹಬ್ಬುತ್ತವೆ. ತಿಂಗಳುಗಳ ನಂತರ ಒಣಗಿದ ಗುಡ್ಡೆಯನ್ನು ಕೆದಕಿ, ಬೇಲು ಕಟ್ಟಿ, ಲಾರಿಗೆ ಹೇರುವವರು ಆ ಜೀವಿಗಳ ಬೀಜಕಣಗಳನ್ನು ಧೂಳಿನೊಂದಿಗೆ ಉಸಿರಾಡುತ್ತಾರೆ. ಕೆಲವೇ ಗಂಟೆಗಳಲ್ಲಿ ಚಳಿಜ್ವರ, ಒಣ ಕೆಮ್ಮು, ಏದುಸಿರು ಬರುವುದರಿಂದ ಇದನ್ನು ಸಾದಾ ಜ್ವರವೆಂದೋ ನ್ಯುಮೋನಿಯಾ ಎಂದೋ ತಿಳಿದು ಔಷಧ ಕೊಡುವುದು ಸುಲಭ. ದೂರ ಸರಿದರೆ ಗುಣವಾಗುವ ರೋಗ ಇದು. ಮತ್ತೆ ಮತ್ತೆ ಅದೇ ಧೂಳಿಗೆ ಮರಳಿದವನಲ್ಲಿ ಮಾತ್ರ ಶಾಶ್ವತ ಹಾನಿಯಾಗುತ್ತದೆ. ಪಾಲಿಗೆ ಬಂದ ಕೂಲಿಯನ್ನು ಬಿಡಲಾಗದೆ ಮರಳುವವನೇ ಆ ಹಾನಿಗೆ ಗುರಿಯಾಗುತ್ತಾನೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಲ್ನಾರು ಈ ಸೀಮೆಗೆ ತೀರ ಹೊರಗಿನದೂ ಅಲ್ಲ. ಉಗಿಯಿಂದ ನಡೆಯುವ ಹಳೆಯ ಕಾರ್ಖಾನೆಗಳಲ್ಲೆಲ್ಲ ಬಾಯ್ಲರು ಮತ್ತು ಉಗಿಕೊಳವೆಗಳ ಶಾಖ ಸೋರದಂತೆ ಕಲ್ನಾರಿನ ಹಗ್ಗ ಸುತ್ತಿ ಗಾರೆ ಮೆತ್ತುವುದು ಇಪ್ಪತ್ತನೆಯ ಶತಮಾನದ ಬಹುಭಾಗ ಜಗತ್ತಿನಾದ್ಯಂತ ವಾಡಿಕೆಯಾಗಿತ್ತು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ಅಂಥ ಹಳೆಯ ಹೊದಿಕೆಯನ್ನು ಒಡೆದು ತೆಗೆಯುವುದೇ ಧೂಳಿನ ಕೆಲಸ. ಊರೊಳಗಿನ ಕಲ್ನಾರು ಮನೆಯ ಮಾಡಿನ ಮೇಲಿದೆ. ಉತ್ತರ ಕರ್ನಾಟಕದಲ್ಲಿ ಸಿಮೆಂಟ್ ಪತ್ರಾಸು ಎಂದು ಕರೆಯುವ ಅಲೆಯಾಕಾರದ ತಗಡಿನಲ್ಲಿ ಸಿಮೆಂಟಿನೊಂದಿಗೆ ಸುಮಾರು ಹತ್ತರಲ್ಲಿ ಒಂದು ಪಾಲು ಬಿಳಿ ಕಲ್ನಾರು ಬೆರೆತಿರುತ್ತದೆ. ಹಾಸಿದ ಪತ್ರಾಸು ತನ್ನಷ್ಟಕ್ಕೆ ಇದ್ದರೆ ಎಳೆಗಳು ಸಿಮೆಂಟಿನಲ್ಲಿ ಹುದುಗಿರುತ್ತವೆ. ಅಳತೆಗೆ ತಕ್ಕಂತೆ ಗರಗಸದಿಂದಲೋ ಕಟಿಂಗ್ ಯಂತ್ರದಿಂದಲೋ ಒಣಗಾಗಿಯೇ ಕೊಯ್ದಾಗ, ಕೊಕ್ಕೆ ಬೋಲ್ಟಿಗೆ ತೂತು ಕೊರೆದಾಗ, ಹಳೆಯ ಮಾಡನ್ನು ಕೆಡವಿ ಚೂರುಗಳನ್ನು ರಾಶಿ ಹಾಕಿದಾಗ ಅವು ಬಿಡುಗಡೆಯಾಗುತ್ತವೆ. 2019ರ ಆಗಸ್ಟಿನ ಘಟಪ್ರಭೆಯ ಮಹಾಪೂರದಂಥ ಆಪತ್ತಿನಲ್ಲಿ ಮನೆಗಳು ಕುಸಿದಾಗ ಅವಶೇಷ ತೆಗೆಯುವವರ ಕೈಗೆ ಬರುವ ಸಾಮಗ್ರಿಯಲ್ಲಿ ಇಂಥ ಚೂರುಗಳೂ ಇರುತ್ತವೆ. ನೀರು ಚಿಮುಕಿಸಿ ನೆನೆಸಿದ ಮೇಲೆ ಮುಟ್ಟುವುದು, ಕೊಯ್ಯದೆ ಇಡಿಯಾಗಿ ಇಳಿಸುವುದು, ದಪ್ಪ ಚೀಲದಲ್ಲಿ ಕಟ್ಟಿ ಹೂಳುವುದು ಅಷ್ಟೇನೂ ದುಬಾರಿಯಲ್ಲದ ಎಚ್ಚರಿಕೆಗಳು.

ಇನ್ನು ಶೀರ್ಷಿಕೆಯಲ್ಲಿರುವ ಎರಡು ವರ್ಷಗಳ ವಿಚಾರ. 1923ರ ಕಾಯ್ದೆಯ ಕಲಂ 10ರ ಪ್ರಕಾರ ಅಪಘಾತ ನಡೆದ ಅಥವಾ ಮರಣ ಸಂಭವಿಸಿದ ದಿನದಿಂದ ಎರಡು ವರ್ಷದೊಳಗೆ ಪರಿಹಾರದ ಅರ್ಜಿ ಸಲ್ಲಿಸಬೇಕು. ರೋಗದ ವಿಷಯದಲ್ಲಿ, ಅದರಿಂದಾಗಿ ಕೆಲಸಕ್ಕೆ ಸತತವಾಗಿ ಗೈರುಹಾಜರಾದ ಮೊದಲ ದಿನವನ್ನೇ ಅಪಘಾತದ ದಿನವೆಂದು ಭಾವಿಸಲಾಗುತ್ತದೆ. ಕೆಲಸ ಬಿಟ್ಟವನ ಬಗ್ಗೆ ಒಂದು ಪರಂತುಕ, ಅಂದರೆ ನಿಯಮಕ್ಕೆ ಸೇರಿಸಿದ ಷರತ್ತಿನ ವಾಕ್ಯ ಇದೆ: ಕೆಲಸ ಬಿಟ್ಟ ಎರಡು ವರ್ಷದೊಳಗೆ ರೋಗಲಕ್ಷಣಗಳು ಕಾಣಿಸಿಕೊಂಡರೆ, ಅವು ಮೊದಲು ಪತ್ತೆಯಾದ ದಿನವೇ ಅಪಘಾತದ ದಿನ. ಎರಡು ವರ್ಷದ ನಂತರ ಲಕ್ಷಣ ಕಂಡರೆ ಏನು ಎಂಬುದಕ್ಕೆ ಆ ವಾಕ್ಯದಲ್ಲಿ ಉತ್ತರವಿಲ್ಲ. ಮೂವತ್ತು ನಲವತ್ತು ವರ್ಷ ಒಳಗೇ ಕುದಿಯುವ ಮೀಸೋಥೆಲಿಯೋಮಾದ ಎದುರು ಈ ಎರಡು ವರ್ಷಗಳನ್ನು ಇಟ್ಟು ನೋಡಿದರೆ ಕಾನೂನಿನ ಗಡಿಯಾರವೂ ರೋಗದ ಗಡಿಯಾರವೂ ಒಂದೇ ಹೊತ್ತು ತೋರಿಸುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಸೋಜಿಗವೆಂದರೆ ಅದೇ ಕಾಯ್ದೆಯ ಕಲಂ 3 ಇಷ್ಟು ಬಿಗಿಯಾಗಿಲ್ಲ; ನಿಗದಿತ ಕಾಲ ದುಡಿದವನಿಗೆ ಸೇವೆ ಮುಗಿದ ನಂತರ ಬಿ ಅಥವಾ ಸಿ ಭಾಗದ ರೋಗ ತಗುಲಿ, ಅದು ಆ ಉದ್ಯೋಗದಿಂದಲೇ ಬಂದದ್ದೆಂದು ಸಾಧಿತವಾದರೆ ಅದನ್ನೂ ಅಪಘಾತವೆಂದೇ ಭಾವಿಸತಕ್ಕದ್ದು ಎಂದು ಅದು ಹೇಳುತ್ತದೆ, ವರ್ಷಗಳ ಎಲ್ಲೆಯನ್ನು ಹಾಕುವುದಿಲ್ಲ. ಹಕ್ಕು ಹುಟ್ಟಿಸುವ ಕಲಂ ಬಾಗಿಲನ್ನು ಪೂರ್ತಿ ತೆರೆದರೆ, ಅರ್ಜಿಯ ಕಲಂ ಅದನ್ನು ಅರ್ಧ ಮುಚ್ಚಿದೆ. ಈ ಎರಡನ್ನೂ ಹೊಂದಿಸುವ ಕೊಂಡಿ ಕಲಂ 10ರಲ್ಲಿಯೇ ಇದೆ: ತಡವಾದುದಕ್ಕೆ ಸಾಕಷ್ಟು ಕಾರಣವಿದೆ ಎಂದು ಮನವರಿಕೆಯಾದರೆ, ಪರಿಹಾರದ ಅರ್ಜಿಗಳನ್ನು ವಿಚಾರಿಸುವ ಆಯುಕ್ತರು ಅವಧಿ ಮೀರಿದ ಅರ್ಜಿಯನ್ನೂ ವಿಚಾರಣೆಗೆ ತೆಗೆದುಕೊಳ್ಳಬಹುದು. ದೇಹವೇ ರೋಗವನ್ನು ಬಚ್ಚಿಟ್ಟಿದ್ದ ಕಾಲಕ್ಕಿಂತ ಸಾಕಷ್ಟು ಕಾರಣ ಬೇರೆ ಇರಲಾರದು. ಕಾರ್ಮಿಕರ ಹಿತಕ್ಕಾಗಿ ಹುಟ್ಟಿದ ಕಾಯ್ದೆಯನ್ನು ಕಾರ್ಮಿಕರ ಕಡೆಗೆ ವಾಲುವಂತೆ ಅರ್ಥೈಸಬೇಕೆಂಬುದು ನ್ಯಾಯಾಲಯಗಳು ಬಹುಕಾಲದಿಂದ ಒಪ್ಪಿದ ತತ್ತ್ವವೂ ಆಗಿದೆ.

ಈ ಎರಡು ಗಡಿಯಾರಗಳ ಅಂತರವನ್ನು ಭಾರತದಲ್ಲಿ ನೇರವಾಗಿ ಎದುರಿಸಿದ ತೀರ್ಪು 1995ರ ಜನವರಿ 27ರದು. ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರವು 1986ರಲ್ಲಿ ಹೂಡಿದ ರಿಟ್ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು, ಕಾರ್ಮಿಕನ ಆರೋಗ್ಯ ಮತ್ತು ವೈದ್ಯಕೀಯ ರಕ್ಷಣೆಯ ಹಕ್ಕು ಸೇವೆಯಲ್ಲಿರುವಾಗ ಮಾತ್ರವಲ್ಲದೆ ನಿವೃತ್ತಿಯ ನಂತರವೂ ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸಾರಿತು. ಕಲ್ನಾರು ಉದ್ದಿಮೆಗಳು ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಆತ ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷಗಳವರೆಗೆ ಅಥವಾ ಕೆಲಸ ಬಿಟ್ಟ ನಂತರ 15 ವರ್ಷಗಳವರೆಗೆ, ಯಾವುದು ತಡವೋ ಅಲ್ಲಿಯವರೆಗೆ ಕಾಯ್ದಿಡಬೇಕು, ಎಲ್ಲ ಕಾರ್ಮಿಕರನ್ನೂ ವಿಮೆ ಅಥವಾ ಪರಿಹಾರ ಕಾಯ್ದೆಯ ರಕ್ಷಣೆಗೆ ತರಬೇಕು ಎಂದು ಆಜ್ಞಾಪಿಸಿತು. ಪ್ರಕರಣದಲ್ಲಿ ಹೆಸರಿಸಿದ ಕಾರ್ಮಿಕರನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಮರುಪರೀಕ್ಷೆ ಮಾಡಿ, ರೋಗ ದೃಢಪಟ್ಟವರಿಗೆ ತಲಾ ಒಂದು ಲಕ್ಷ ರೂಪಾಯಿ ಕೊಡಬೇಕೆಂದಿತು. ಒಂದು ಲಕ್ಷದ ಮೊತ್ತಕ್ಕಿಂತ 40 ಮತ್ತು 15 ಎಂಬ ಎರಡು ಅಂಕೆಗಳೇ ಈ ತೀರ್ಪಿನ ನಿಜವಾದ ಕೊಡುಗೆ. ರೋಗದ ಕಾಲಮಾನವನ್ನು ಕಾಗದಕ್ಕೆ ಅನ್ವಯಿಸಿದ ಆದೇಶ ಅದು. 2011ರಲ್ಲಿ ಕಲ್ಯಾಣೇಶ್ವರಿ ಪ್ರಕರಣದಲ್ಲಿ ಕಲ್ನಾರನ್ನು ಪೂರ್ತಿ ನಿಷೇಧಿಸಲು ಅದೇ ನ್ಯಾಯಾಲಯ ಒಪ್ಪಲಿಲ್ಲವಾದರೂ 1995ರ ನಿರ್ದೇಶನಗಳನ್ನು ಪಾಲಿಸಬೇಕೆಂಬುದನ್ನು ಮತ್ತೆ ಹೇಳಿತು. ಆದರೆ ಈ ಆದೇಶ ಕಲ್ನಾರು ಉದ್ದಿಮೆಗೆ ಸೀಮಿತ. ಅನುಸೂಚಿಯಲ್ಲಿ ನೆರೆಮನೆಯವಾಗಿರುವ ಹತ್ತಿಗೂ ಕಬ್ಬಿನ ಸಿಪ್ಪೆಗೂ ಅದೇ ದಾಖಲೆಯ ಕಟ್ಟಳೆಯನ್ನು ವಿಸ್ತರಿಸದಿರುವುದಕ್ಕೆ ಸಮರ್ಥನೆ ಸಿಗುವುದಿಲ್ಲ, ಅದರಲ್ಲಿಯೂ ಎಕ್ಸ್‌ರೇಯಲ್ಲಿ ಗುರುತು ಬಿಡದ ಬಿಸಿನೋಸಿಸ್ಸಿಗೆ ಅದರ ಅಗತ್ಯ ಕಲ್ನಾರಿಗಿಂತ ಹೆಚ್ಚು.

ಪರಿಹಾರದ ಮೊತ್ತ ಹೇಗೆ ಹುಟ್ಟುತ್ತದೆ ಎಂಬುದನ್ನು ಲೆಕ್ಕ ಮಾಡಿಯೇ ನೋಡಬೇಕು. ಪೂರ್ಣ ಮತ್ತು ಶಾಶ್ವತ ಅಸಾಮರ್ಥ್ಯಕ್ಕೆ ತಿಂಗಳ ವೇತನದ ಶೇಕಡಾ 60ನ್ನು, ಮರಣಕ್ಕೆ ಶೇಕಡಾ 50ನ್ನು, ವಯಸ್ಸಿಗೆ ತಕ್ಕಂತೆ ನಾಲ್ಕನೆಯ ಅನುಸೂಚಿಯಲ್ಲಿ ಕೊಟ್ಟಿರುವ ಗುಣಕದಿಂದ ಗುಣಿಸಬೇಕು. 40 ವರ್ಷದವನಿಗೆ ಆ ಗುಣಕ 184.17, 60 ವರ್ಷದವನಿಗೆ 117.41. ಲೆಕ್ಕಕ್ಕೆ ಹಿಡಿಯಬಹುದಾದ ವೇತನದ ಮಿತಿ 2020ರ ಜನವರಿಯಿಂದ 15,000 ರೂಪಾಯಿ. ಅದಕ್ಕೂ ಮೊದಲು 8,000, ಇನ್ನೂ ಹಿಂದೆ 4,000. 60 ವರ್ಷದ ಕಾರ್ಮಿಕನ ವೇತನ 15,000 ಎಂದು ಹಿಡಿದರೆ 9,000ವನ್ನು 117.41ರಿಂದ ಗುಣಿಸಿ 10,56,690 ರೂಪಾಯಿ ಬರುತ್ತದೆ. ಅದೇ ವಯಸ್ಸಿನ, ಅದೇ ಕಾಯಿಲೆಯ ಇನ್ನೊಬ್ಬನು ದಶಕಗಳ ಹಿಂದೆ 3,000 ರೂಪಾಯಿ ಸಂಬಳದಲ್ಲಿ ಕೆಲಸ ಬಿಟ್ಟಿದ್ದು, ಆ ಕೊನೆಯ ಸಂಬಳವೇ ಆಧಾರವಾದರೆ 1,800ನ್ನು ಗುಣಿಸಿ 2,11,338 ರೂಪಾಯಿ ಮಾತ್ರ. ರೋಗ ತಡವಾಗಿ ಬಂದಷ್ಟೂ ಗುಣಕವೂ ಇಳಿಯುತ್ತದೆ, ಹಳೆಯ ಸಂಬಳದ ರೂಪಾಯಿಯ ಬೆಲೆಯೂ ಇಳಿದಿರುತ್ತದೆ. ತಡವಾಗಿ ಕೊಲ್ಲುವ ಧೂಳಿಗೆ ಕಾನೂನು ರಿಯಾಯಿತಿ ಕೊಟ್ಟಂತಾಗುತ್ತದೆ. ಉಸಿರಾಟದ ಸಾಮರ್ಥ್ಯ ಭಾಗಶಃ ಕುಗ್ಗಿದ್ದರೆ, ಗಳಿಕೆಯ ಶಕ್ತಿ ಶೇಕಡಾ ಎಷ್ಟು ನಷ್ಟವಾಯಿತೆಂದು ಅರ್ಹ ವೈದ್ಯರು ಅಂದಾಜು ಮಾಡಿದ ಪ್ರಮಾಣದಲ್ಲಿ ಪರಿಹಾರ ಸಿಗುತ್ತದೆ. ಮೇಲಿನ ಮೊದಲ ಲೆಕ್ಕದಲ್ಲಿ ಶೇಕಡಾ 30 ಎಂದಾದರೆ 3,17,007 ರೂಪಾಯಿ. ಇಲ್ಲಿ ವೈದ್ಯರು ಬರೆಯಬೇಕಾದುದು ಶ್ವಾಸಕೋಶ ಎಷ್ಟು ಕೆಟ್ಟಿದೆ ಎಂಬುದೊಂದನ್ನೇ ಅಲ್ಲ; ಮೂಟೆ ಹೊರುವವನಿಗೆ ಶೇಕಡಾ 30ರಷ್ಟು ಉಸಿರು ಕಡಿಮೆಯಾದರೆ ಆತನ ದುಡಿಮೆ ಪೂರ್ತಿಯೇ ನಿಲ್ಲಬಹುದು ಎಂಬುದನ್ನೂ ಬರೆಯಬೇಕು. ಪರಿಹಾರವು ಅಪಘಾತದ ದಿನದಂದೇ ಸಲ್ಲತಕ್ಕ ಸಾಲವಾಗುತ್ತದೆ ಎಂದು ಸುಪ್ರೀಂ ಕೋರ್ಟು 1975ರ ಪ್ರತಾಪ ನಾರಾಯಣ ಸಿಂಗ್ ದೇವ್ ಪ್ರಕರಣದಲ್ಲಿ ಹೇಳಿದೆ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇಕಡಾ 12ರ ಬಡ್ಡಿ ಸೇರುತ್ತದೆ, ಸಮರ್ಥನೀಯ ಕಾರಣವಿಲ್ಲದ ವಿಳಂಬಕ್ಕೆ ಮೊತ್ತದ ಅರ್ಧದವರೆಗೆ ದಂಡವೂ ಬೀಳಬಹುದು. ಸ್ವಲ್ಪ ಹಣ ಕೊಟ್ಟು ಹಕ್ಕು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡ ಕರಾರಿಗೆ ಕಲಂ 17ರ ಪ್ರಕಾರ ಬೆಲೆಯಿಲ್ಲ.

ಕಾರ್ಮಿಕ ರಾಜ್ಯ ವಿಮೆಯ ವ್ಯಾಪ್ತಿಯಲ್ಲಿರುವವರ ದಾರಿ ಬೇರೆ. ಇ.ಎಸ್.ಐ. ಎಂದೇ ಎಲ್ಲರ ಬಾಯಲ್ಲಿರುವ 1948ರ ಆ ಕಾಯ್ದೆಗೂ ಇಂಥದೇ ರೋಗಗಳ ಅನುಸೂಚಿಯಿದೆ. ಅಲ್ಲಿ ಇಡಿಗಂಟಿನ ಬದಲು ವೈದ್ಯಕೀಯ ಮಂಡಳಿ ನಿಗದಿಪಡಿಸಿದ ಪ್ರಮಾಣದಲ್ಲಿ ಜೀವನಪರ್ಯಂತ ಮಾಸಿಕ ಸೌಲಭ್ಯ ದೊರೆಯುತ್ತದೆ. ವಿಮಾದಾರನು ಅದೇ ಹಾನಿಗೆ ಮಾಲೀಕನಿಂದ ಬೇರೆ ಪರಿಹಾರ ಪಡೆಯುವುದನ್ನು ಅದರ ಕಲಂ 53 ತಡೆಯುತ್ತದೆ. ಆದ್ದರಿಂದ ಅರ್ಜಿ ಬರೆಯುವ ಮೊದಲು ತನ್ನ ವೇತನದಿಂದ ಇ.ಎಸ್.ಐ. ವಂತಿಗೆ ಮುರಿಯುತ್ತಿತ್ತೇ ಎಂಬುದನ್ನು ಹಳೆಯ ಸಂಬಳದ ಚೀಟಿಯಲ್ಲಿ ನೋಡಿಕೊಳ್ಳುವುದು ಅಗತ್ಯ; ತಪ್ಪು ಬಾಗಿಲು ತಟ್ಟಿ ವರ್ಷಗಳನ್ನು ಕಳೆದುಕೊಳ್ಳುವ ಅಪಾಯ ಇಲ್ಲಿದೆ.

ಹಂಗಾಮಿನ ಕೂಲಿಯವರು, ಬದಲಿ ಕಾಮಗಾರರು, ಗುತ್ತಿಗೆಯವರು ಇನ್ನೂ ತೊಡಕಿನಲ್ಲಿದ್ದಾರೆ. ಕಬ್ಬು ಅರೆಯುವ ಕಾಲದಲ್ಲಿ ಒಂದು ಕಾರ್ಖಾನೆ, ರಿಪೇರಿಯ ಕಾಲದಲ್ಲಿ ಗುತ್ತಿಗೆದಾರನ ಹಿಂದೆ ಇನ್ನೊಂದು ಕಾರ್ಖಾನೆ ಎಂದು ದುಡಿದವನು ಯಾರ ಧೂಳಿನಿಂದ ಕಾಯಿಲೆ ಬಿದ್ದ ಎಂದು ಹೇಳಲಾರ. ಸಿ ಭಾಗದ ರೋಗಗಳ ಮಟ್ಟಿಗೆ ಕಾಯ್ದೆ ಇದಕ್ಕೆ ಒಳ್ಳೆಯ ಪರಿಹಾರವನ್ನು ಕಲಂ 3ರಲ್ಲಿಯೇ ಕೊಟ್ಟಿದೆ: ಮಾಲೀಕರು ಹಲವರಿದ್ದರೆ ಅವರೆಲ್ಲರೂ ಹೊಣೆಗಾರರು, ಯಾರ ಪಾಲು ಎಷ್ಟೆಂಬುದನ್ನು ಆಯುಕ್ತರು ನ್ಯಾಯವಾಗಿ ಹಂಚುತ್ತಾರೆ. ಇದೇ ಸಮಸ್ಯೆಗೆ ಇಂಗ್ಲೆಂಡಿನ ಅಂದಿನ ಅತ್ಯುಚ್ಚ ಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಮೀಸೋಥೆಲಿಯೋಮಾ ರೋಗಿಗಳ ಫೇರ್‌ಚೈಲ್ಡ್ ಪ್ರಕರಣದಲ್ಲಿ ಉತ್ತರ ಕಂಡುಕೊಂಡದ್ದು 2002ರಲ್ಲಿ. ಆದರೆ ಕಲ್ನಾರಿನ ಕ್ಯಾನ್ಸರ್ ನಮ್ಮಲ್ಲಿ ಬಿ ಭಾಗದಲ್ಲಿದೆ. ಒಬ್ಬನೇ ಮಾಲೀಕನ ಬಳಿ ಆರು ತಿಂಗಳು ಎಂಬ ಕಟ್ಟಳೆ ಅದಕ್ಕೆ ಉಂಟು. ಕಿರಿದಾದ ಗಂಡಾಂತರಕ್ಕೆ ಉದಾರ ನಿಯಮ, ಮಾರಕ ಗಂಡಾಂತರಕ್ಕೆ ಬಿಗಿ ನಿಯಮ ಎಂಬ ಈ ಏರುಪೇರನ್ನು ಸರಿಪಡಿಸಬೇಕಾಗಿದೆ.

ಕಾಯ್ದೆಯ ಕಣ್ಣಿಗೆ ಬೀಳದೆ ಉಳಿಯುವವರೂ ಇದ್ದಾರೆ. ಗಂಡನ ಕೆಲಸದ ಬಟ್ಟೆಯನ್ನು ದಿನವೂ ಜಾಡಿಸಿ ಒಗೆದ ಹೆಂಗಸಿಗೆ ಆ ಬಟ್ಟೆಯ ಎಳೆಗಳಿಂದಲೇ ಮೀಸೋಥೆಲಿಯೋಮಾ ಬಂದ ನಿದರ್ಶನಗಳು ಹಲವು ದೇಶಗಳ ವೈದ್ಯಸಾಹಿತ್ಯದಲ್ಲಿವೆ. ಆಕೆ ಯಾರ ಉದ್ಯೋಗಿಯೂ ಅಲ್ಲವಾದ್ದರಿಂದ ಪರಿಹಾರ ಕಾಯ್ದೆ ಆಕೆಗಿಲ್ಲ. ದಿನಗೂಲಿಗೆ ಪತ್ರಾಸು ಕೊಯ್ದವನಿಗೆ ಕಾಯ್ದೆ ಇದ್ದರೂ ಮಾಲೀಕನನ್ನು ತೋರಿಸಲು ಆಗುವುದಿಲ್ಲ. ಫ್ರಾನ್ಸ್ 2000ದ ಕೊನೆಯಲ್ಲಿ ಕಾನೂನು ಮಾಡಿ ಕಲ್ನಾರು ಸಂತ್ರಸ್ತರಿಗೆಂದೇ ನಿಧಿಯನ್ನು ಸ್ಥಾಪಿಸಿತು. ಜಪಾನ್ 2006ರಲ್ಲಿ, ಕಾರ್ಮಿಕ ವಿಮೆಗೆ ಒಳಪಡದ ನೆರೆಹೊರೆಯವರಿಗೂ ನೆರವಾಗುವ ಕಾಯ್ದೆ ತಂದಿತು. ಹತ್ತಿರದ ಮಾದರಿ ರಾಜಸ್ಥಾನದ್ದು. ಕಲ್ಲುಗಣಿ ಮತ್ತು ಕಲ್ಲುಕೆತ್ತನೆಯ ಸಿಲಿಕೋಸಿಸ್ ರೋಗಿಗಳಿಗಾಗಿ ಅಲ್ಲಿನ ಸರ್ಕಾರ 2019ರಲ್ಲಿ ಪ್ರಕಟಿಸಿದ ನೀತಿಯ ಪ್ರಕಾರ ರೋಗ ಪ್ರಮಾಣೀಕೃತವಾದೊಡನೆ 3 ಲಕ್ಷ, ಮರಣಾನಂತರ ಕುಟುಂಬಕ್ಕೆ 2 ಲಕ್ಷ ರೂಪಾಯಿ ಸಿಗುತ್ತದೆ, ಮಾಲೀಕ ಯಾರೆಂಬ ಸಾಕ್ಷ್ಯವನ್ನು ರೋಗಿಯಿಂದ ಬೇಡುವುದಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿರುವ ಕರ್ನಾಟಕಕ್ಕೆ ಇದೇನೂ ಎಟುಕದ ಕೆಲಸವಲ್ಲ.

ಇವೆಲ್ಲಕ್ಕೂ ಮೊದಲು ರೋಗಕ್ಕೆ ಅದರ ಹೆಸರು ಸಿಗಬೇಕು. ಕೆಮ್ಮು, ತೂಕ ಇಳಿಕೆ, ಏದುಸಿರು ಕಂಡೊಡನೆ ಕ್ಷಯವೆಂದು ತಿಳಿಯುವುದು ನಮ್ಮ ನಾಡಿನಲ್ಲಿ ಸಹಜ, ಅದು ಅನೇಕ ಬಾರಿ ಸರಿಯೂ ಆಗಿರುತ್ತದೆ. ಆದರೆ ಕಫದಲ್ಲಿ ಕ್ರಿಮಿ ಸಿಗದೆ, ಔಷಧಕ್ಕೂ ಬಗ್ಗದೆ ಇರುವಾಗ ಏನು ಕೆಲಸ ಮಾಡುತ್ತಿದ್ದೆ, ಯಾವ ಖಾತೆಯಲ್ಲಿದ್ದೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿ ಚೀಟಿಯಲ್ಲಿ ಬರೆಯುವ ವೈದ್ಯರೇ ಮುಂದೆ ನ್ಯಾಯಾಲಯದಲ್ಲಿ ರೋಗಿಯ ಬಲವಾಗುತ್ತಾರೆ. ಬಿಸಿನೋಸಿಸ್ ಮತ್ತು ಆಸ್‌ಬೆಸ್ಟೋಸಿಸ್ ಕಂಡರೆ ಮುಖ್ಯ ಕಾರ್ಖಾನೆ ನಿರೀಕ್ಷಕರಿಗೆ ವರದಿ ಮಾಡುವುದು ಚಿಕಿತ್ಸೆ ಮಾಡಿದ ವೈದ್ಯರ ಕರ್ತವ್ಯವೆಂದು 1948ರ ಕಾರ್ಖಾನೆಗಳ ಕಾಯ್ದೆಯ ಕಲಂ 89 ವಿಧಿಸಿತ್ತು. ಸಂದೇಹ ಬಂದಾಗ ಕೇಳಲು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿಯೇ ಇದೆ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಪರಿಹಾರ ಕಾಯ್ದೆಯನ್ನೂ ಇ.ಎಸ್.ಐ. ಕಾಯ್ದೆಯನ್ನೂ ತನ್ನೊಳಗೆ ಸೇರಿಸಿಕೊಂಡಿದೆ, ಔದ್ಯೋಗಿಕ ರೋಗಗಳ ಪಟ್ಟಿಯನ್ನು ಅದೂ ತನ್ನ ಮೂರನೆಯ ಅನುಸೂಚಿಯಲ್ಲಿ ಇಟ್ಟುಕೊಂಡಿದೆ. ಹಳೆಯ ಕಾಯ್ದೆಯಡಿ ಹುಟ್ಟಿದ ಹಕ್ಕು ಹೊಸ ಸಂಹಿತೆ ಬಂದ ಮಾತ್ರಕ್ಕೆ ಅಳಿಯುವುದಿಲ್ಲ. ಮೇಲೆ ವಿವರಿಸಿದ ತೊಡಕುಗಳೂ ಹಳಬರ ಮಟ್ಟಿಗೆ ಅಳಿಯುವುದಿಲ್ಲ. ಹಳೆಯ ಕಾಯ್ದೆಯ ಆಯುಕ್ತರ ಆದೇಶದಲ್ಲಿ ಕಾನೂನಿನ ಮಹತ್ವದ ಪ್ರಶ್ನೆಯಿದ್ದರೆ ಈ ಮೂರು ತಾಲೂಕುಗಳವರ ಮೇಲ್ಮನವಿ ಹೋಗುವುದು ಉಚ್ಚ ನ್ಯಾಯಾಲಯದ ಧಾರವಾಡ ಪೀಠಕ್ಕೆ.

ಹಳೆಯ ಅರ್ಜಿಯ ನಮೂನೆಯಲ್ಲಿ, ಇಂಥ ತಿಂಗಳ ಇಂಥ ದಿನ ಅರ್ಜಿದಾರನಿಗೆ ಅಪಘಾತದಿಂದ ಗಾಯವಾಯಿತು ಎಂದು ಬರೆಯುವ ಸಾಲೊಂದಿದೆ, ಅದರಲ್ಲಿ ತಾರೀಖಿಗೆ ಜಾಗ ಖಾಲಿ ಬಿಟ್ಟಿರುತ್ತದೆ. ಬೆರಳು ಕತ್ತರಿಸಿಕೊಂಡವನು ಅಲ್ಲಿ ಒಂದು ತಾರೀಖು ಬರೆದು ಮುಂದಿನ ಸಾಲಿಗೆ ಹೋಗುತ್ತಾನೆ. ಧೂಳಿನ ರೋಗಿಯ ಪರವಾಗಿ ಅರ್ಜಿ ತುಂಬುವ ವಕೀಲರು ಆ ಜಾಗದಲ್ಲಿ, ರೋಗದ ಹೆಸರನ್ನು ವೈದ್ಯರು ಮೊದಲ ಬಾರಿ ಲಿಖಿತವಾಗಿ ತಿಳಿಸಿದ ದಿನಾಂಕವನ್ನು ಬರೆದು, ಆ ಚೀಟಿಯನ್ನೂ, ಗಿರಣಿಯ ಹಾಜರಿ ಕಾರ್ಡು, ಭವಿಷ್ಯನಿಧಿಯ ಚೀಟಿ, ಖಾತೆಯ ಹೆಸರಿರುವ ಸಂಬಳದ ಪಾವತಿಗಳನ್ನೂ ಜೊತೆಗೆ ಲಗತ್ತಿಸಿ, ಅದೇ ದಿನ ವಿಳಂಬ ಮನ್ನಾಕ್ಕೆ ಪ್ರತ್ಯೇಕ ಮನವಿಯನ್ನೂ ಪ್ರಮಾಣಪತ್ರದೊಂದಿಗೆ ಸಲ್ಲಿಸಬೇಕು.